ಕುವೆಂಪುನಗರದ ವೀಕೆಂಡ್ ಡೇಟಾ ಮೈನಿಂಗ್ ಕ್ಲಾಸ್ ಹೇಗಿದೆ? (5ಕ್ಕೆ 4)

ಮೈಸೂರಲ್ಲಿ ಡೇಟಾ ಸೈನ್ಸ್ ಕ್ಲಾಸ್‌ಗಳಿಗೇನೂ ಬರ ಇಲ್ಲ, ಆದ್ರೆ ಸುಮಾರು ಕಡೆ ಅದೇ ಟೈಟಾನಿಕ್ ಹಡಗಿನ ಪ್ರಯಾಣಿಕರ ಡೇಟಾ ಹಾಕ್ಕೊಂಡು ನಾಲ್ಕು ಲೈನ್ ಕೋಡ್ ಓಡಿಸಿ ಸರ್ಟಿಫಿಕೇಟ್ ಕೈಗಿಟ್ಟು ಕಳಿಸ್ತಾರೆ. ಇಲ್ಲಿ ಹಂಗಲ್ಲ. ಮೇಷ್ಟ್ರು ಮಂಡ್ಯ ಕಡೆಯವ್ರು, ಕಬ್ಬಿನ ಡೇಟಾನೇ ಮುಂದಿಡ್ತಾರೆ: ತಳಿ ಯಾವ್ದು, ತನಿನಾ (ಹೊಸದಾಗಿ ನೆಟ್ಟಿದ್ದು) ಕೂಳೆನಾ (ಕಡಿದ ಬುಡದಿಂದ ಮತ್ತೆ ಚಿಗುರಿದ್ದು), ಕಡಿದು ಎಷ್ಟು ದಿನಕ್ಕೆ ಅರೆದ್ರು, ರಿಕವರಿ (ಅರೆದ ಕಬ್ಬಿನ ತೂಕದಲ್ಲಿ ಶೇಕಡಾ ಎಷ್ಟು ಸಕ್ಕರೆ ಸಿಕ್ತು ಅನ್ನೋದು) ಎಷ್ಟು ಬಂತು, ಇಷ್ಟೆ.

ಮೊದ್ಲು ಸುಮ್ನೆ ಡಿಸಿಷನ್ ಟ್ರೀ (ಒಂದೊಂದೇ ಪ್ರಶ್ನೆ ಹಾಕಿ ಡೇಟಾನ ಕೊಂಬೆ ಕೊಂಬೆಯಾಗಿ ಒಡೆಯೋ ವಿಧಾನ) ಓಡ್ಸಿದ್ವಿ. ಅದು ಒಂದು ಕೊಂಬೇಲಿ, ಕಡಿದು ಮೂರು ದಿನ ಬಿಟ್ಟ ಕಬ್ಬಲ್ಲಿ ರಿಕವರಿ ಜಾಸ್ತಿ ಅಂತ ಹೇಳ್ಬಿಡ್ತು! ಕಬ್ಬಿನ ಗಾಡಿ ಹೊಡೆಯೋ ಹುಡುಗನೂ ನಗ್ತಾನೆ ಇದಕ್ಕೆ, ಕಡಿದಿಟ್ಟಷ್ಟೂ ಸುಕ್ರೋಸ್ (ಅಂದ್ರೆ ಸಕ್ಕರೆ) ಒಡೆದು ಗ್ಲೂಕೋಸ್ ಫ್ರಕ್ಟೋಸ್ ಆಗ್ತಾ ಹೋಗುತ್ತೆ, ತೂಕಾನೂ ಇಳಿಯುತ್ತೆ. ನೋಡಿದ್ರೆ ಆ ಕೊಂಬೇಲಿ ಇದ್ದಿದ್ದೇ ನಾಲ್ಕೈದು ಲೋಡು, ಅಷ್ಟು ಕಮ್ಮಿ ಡೇಟಾದಲ್ಲಿ ಆಕಸ್ಮಿಕವಾಗಿ ಹಂಗೆ ಕಂಡಿರುತ್ತೆ. ಆಮೇಲೆ ದಿನ ಏರಿದ್ರೆ ರಿಕವರಿ ಏರಕೂಡ್ದು ಅಂತ ಮಾನೊಟೋನಿಕ್ ಕನ್‌ಸ್ಟ್ರೇಂಟ್ (ಒಂದೇ ದಿಕ್ಕಲ್ಲಿ ಹೋಗ್ಬೇಕು ಅನ್ನೋ ಷರತ್ತು) ಹಾಕ್ಸಿದ್ರು (ಇಂಥ ಟ್ರೀಗಳನ್ನ ಒಂದರ ಮೇಲೊಂದು ಕಟ್ಟೋ ಎಕ್ಸ್‌ಜಿಬೂಸ್ಟ್ ಅನ್ನೋ ಸಾಫ್ಟ್‌ವೇರಲ್ಲಿ ಇದಕ್ಕೆ ಸೆಟ್ಟಿಂಗೇ ಇದೆ), ಆ ತರ್ಲೆ ರೂಲ್ ಹುಟ್ಟಲೇ ಇಲ್ಲ. ರಿಸಲ್ಟ್ ಬಂದ್ಮೇಲೆ ತಪ್ಪು ರೂಲ್ ಕಿತ್ತಾಕೋದು ಯಾರು ಬೇಕಾದ್ರೂ ಮಾಡ್ತಾರೆ, ಅಲ್ಗಾರಿದಮ್ ಹುಡುಕೋವಾಗ್ಲೇ ಆ ದಾರಿ ಮುಚ್ಚೋದು ನಂಗೆ ಇಲ್ಲೇ ಸರಿಯಾಗಿ ಅರ್ಥ ಆಗಿದ್ದು.

ಕ್ಲಸ್ಟರಿಂಗ್‌ಗೆ (ಒಂದೇ ಥರದ್ದನ್ನ ಗುಂಪು ಮಾಡೋದಕ್ಕೆ) 2001ರ ಕಾಪ್-ಕೆಮೀನ್ಸ್ ಅನ್ನೋ, ಷರತ್ತು ಹಾಕ್ಬಹುದಾದ ಅಲ್ಗಾರಿದಮ್ ತಗೊಂಡ್ರು. ವಿಸಿ ನಾಲೆ (ಮಂಡ್ಯ ಕಡೆ ಕೆಆರ್‌ಎಸ್ ನೀರು ಹರಿಸೋ ವಿಶ್ವೇಶ್ವರಯ್ಯ ನಾಲೆ) ತಲೆಭಾಗದ ಜಮೀನು, ನೀರು ಸರಿಯಾಗಿ ತಲುಪದ ಕೊನೆಭಾಗದ ಜಮೀನು ಒಂದೇ ಗುಂಪಿಗೆ ಬೀಳ್ಬಾರ್ದು ಅಂತ ಕ್ಯಾನಾಟ್-ಲಿಂಕ್ ಕೊಟ್ವಿ. ಇಂಥ ಷರತ್ತು ವಿಪರೀತ ಆದ್ರೆ ಅದು ಗುಂಪೇ ಮಾಡದೆ ಕೈ ಎತ್ತಿಬಿಡುತ್ತೆ, ಅದನ್ನೂ ಮಾಡಿ ತೋರ್ಸಿದ್ರು. 1994ರ ಅಪ್ರಿಯೋರಿ (ಯಾವ್ಯಾವ್ದು ಒಟ್ಟಿಗೆ ಬರುತ್ತೆ ಅಂತ ರೂಲ್ ಹುಡುಕೋ ಅಲ್ಗಾರಿದಮ್) ಮಾತ್ರ ಓಡಿಸ್ಕೊಂಡು ಹೋದ್ರು. ದಿನಸಿ ಅಂಗಡಿ ಬಿಲ್ಲಲ್ಲಿ ಒಂದೊಂದು ಬ್ರ್ಯಾಂಡ್ ಅಕ್ಕಿಗೂ ಸಪೋರ್ಟ್ (ಎಷ್ಟು ಬಿಲ್ಲಲ್ಲಿ ಬಂದಿದೆ ಅನ್ನೋ ಲೆಕ್ಕ) ಸಾಲಲ್ಲ, ಎಲ್ಲಾನೂ 'ಅಕ್ಕಿ' ಅಂತ ಒಂದೇ ಮಟ್ಟಕ್ಕೆ ಏರಿಸಿದ್ರೆ ರೂಲ್ ಸಿಗುತ್ತೆ, ಅಷ್ಟು ಹೇಳಿ ಮುಗ್ಸಿದ್ರು.

ಕೊರತೆ ಅಂದ್ರೆ, ನಮಗೆ ಗೊತ್ತು ಅನ್ಕೊಂಡಿದ್ದೇ ತಪ್ಪಿದ್ರೆ ಏನ್ಮಾಡೋದು ಅನ್ನೋದಕ್ಕೆ ಟೈಮೇ ಕೊಡ್ಲಿಲ್ಲ. ಊರೋರು ಹೇಳಿದ್ದೆಲ್ಲ ಕನ್‌ಸ್ಟ್ರೇಂಟ್ ಮಾಡಿಟ್ರೆ ಹೊಸದೇನು ಸಿಗುತ್ತೆ ಸಾರ್ ಅಂತ ಕೇಳಿದ್ದಕ್ಕೆ, ಹಾಕಿ ಒಂದ್ಸಲ ಹಾಕ್ದೆ ಒಂದ್ಸಲ ಓಡ್ಸಿ, ಟೆಸ್ಟ್ ಡೇಟಾ (ಮಾಡೆಲ್‌ಗೆ ಕಲಿಸೋಕೆ ಬಳಸದೆ ಪಕ್ಕಕ್ಕಿಟ್ಟ ಡೇಟಾ) ಮೇಲೆ ಹೋಲ್ಸಿ ಅಂದ್ರು. ಉತ್ತರ ಸರೀನೇ, ಆದ್ರೆ ಅದನ್ನ ಮಾಡ್ಸಿದ್ರೆ ಚೆನ್ನಾಗಿರೋದು.

ಫೀಸ್ ಸ್ವಲ್ಪ ಜಾಸ್ತಿ, ಅಲ್ಲಿರೋ ಕಂಪ್ಯೂಟರ್ ತೀರಾ ನಿಧಾನ, ಲ್ಯಾಪ್‌ಟಾಪ್ ತಗೊಂಡೇ ಹೋಗಿ. ಪೈಥಾನ್ ಅ ಆ ಇ ಈ ಬರ್ದೇ ಇರೋರು ಈ ಬ್ಯಾಚ್‌ಗೆ ಸೇರ್ಬೇಡಿ, ಮೊದಲನೇ ವಾರನೇ ಸುಸ್ತಾಗ್ತೀರ.