ಕಾರ್ ಕಂಪ್ಯೂಟರಿನ 7 ಇಂಚಿನ ಮಾನಿಟರ್: 4 ವರ್ಷ ಬಳಸಿದ ಮೇಲೆ

ಕಾರಿನಲ್ಲಿ ಕೂರಿಸಿರುವ ಪುಟ್ಟ ಕಂಪ್ಯೂಟರಿಗೆಂದು ನಾನು ಕೊಂಡ 7 ಇಂಚಿನ ಟಚ್‌ಸ್ಕ್ರೀನ್ ಮಾನಿಟರಿಗೆ ಈಗ 4 ವರ್ಷ ತುಂಬಿದೆ. ಈ ಅವಧಿಯಲ್ಲಿ ಅದು ಎರಡು ಸಲ ಕೆಟ್ಟಿತು, ಎರಡು ಸಲವೂ ದುರಸ್ತಿಯಾಯಿತು. ಎರಡು ಸಲವೂ ಮೂಲ ದೋಷ ನಾನೇ ಎಳೆದ ವೈರಿಂಗಿನಲ್ಲಿತ್ತು ಎಂಬುದನ್ನು ಒಪ್ಪಿಕೊಂಡೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹೀಗಾಗಿ ಇಲ್ಲಿ ಚಿತ್ರದ ಗುಣಮಟ್ಟಕ್ಕಿಂತ ತಂತಿಗಳ ಮಾತೇ ಹೆಚ್ಚು.

ಚಿತ್ರದ ವಿಷಯವನ್ನು ಬೇಗ ಮುಗಿಸುತ್ತೇನೆ. 800×480 ಪಿಕ್ಸೆಲ್‌ಗಳ ಪರದೆ ನಕಾಶೆಗೂ ಹಾಡುಗಳ ಪಟ್ಟಿಗೂ ಸಾಕಾಗುತ್ತದೆ. ಬಿಸಿಲು ನೇರವಾಗಿ ಬಿದ್ದಾಗ ಅಕ್ಷರಗಳು ಅಳಿಸಿಹೋದಂತೆ ಕಾಣುತ್ತವೆ. ರಾತ್ರಿಯಲ್ಲಿ ಬೆಳಕನ್ನು ಎಷ್ಟು ತಗ್ಗಿಸಿದರೂ ಕಣ್ಣಿಗೆ ಚುಚ್ಚುತ್ತದೆ.

ಮಾನಿಟರಿನ ಹಿಂಬದಿಯಲ್ಲಿ ‘12 ವೋಲ್ಟ್ ಡಿಸಿ’ ಎಂದಷ್ಟೇ ಮುದ್ರಿಸಿದ್ದಾರೆ. ಕಾರಿನಲ್ಲಿ ಸಿಗುವುದೂ 12 ವೋಲ್ಟ್ ತಾನೇ ಎಂದುಕೊಂಡದ್ದು ನನ್ನ ಮೊದಲ ತಪ್ಪು. ಎಂಜಿನ್ ನಿಂತಿರುವಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ; ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಅದನ್ನು 14ರ ಆಸುಪಾಸಿಗೆ ಏರಿಸುತ್ತದೆ; ಸ್ಟಾರ್ಟರ್ ಮೋಟಾರು ತಿರುಗುವ ಕ್ಷಣದಲ್ಲಿ 9ಕ್ಕಿಂತ ಕೆಳಗೂ ಇಳಿಯಬಹುದು. ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು, ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವಾಗಲೇ ಬ್ಯಾಟರಿಯ ಸಂಪರ್ಕ ತಪ್ಪಿದರೆ ಏಳುವ, ಲೋಡ್ ಡಂಪ್ ಎಂಬ ವೋಲ್ಟೇಜಿನ ಹೊಡೆತ. ಇದನ್ನು ತಗ್ಗಿಸುವ ಏರ್ಪಾಡಿಲ್ಲದ 12 ವೋಲ್ಟ್ ವ್ಯವಸ್ಥೆಯಲ್ಲಿ ಅದು 79ರಿಂದ 101 ವೋಲ್ಟ್‌ವರೆಗೆ ಇರಬಹುದೆಂದು ವಾಹನಗಳ ವಿದ್ಯುತ್ ಉಪಕರಣಗಳಿಗೆ ಸಂಬಂಧಿಸಿದ ಐಎಸ್‌ಒ 16750-2 ಮಾನದಂಡದ ಪರೀಕ್ಷೆಯೇ ಎಣಿಸುತ್ತದೆ.

ನಾನು ಪಾಸಿಟಿವ್ ತಂತಿಯನ್ನು ಸ್ಟೀರಿಯೊದ ಹಿಂದಿನ ಎಸಿಸಿ ತಂತಿಗೆ (ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ತಂತಿ) ಸುತ್ತಿ ಟೇಪ್ ಹಚ್ಚಿದೆ. ನೆಗೆಟಿವ್ ತಂತಿಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ಕೈಗೆ ಸಿಕ್ಕಿದ ಒಂದು ಸ್ಕ್ರೂವಿನ ಅಡಿಗೆ ಬಿಗಿದೆ; ಕಾರಿನ ಲೋಹದ ಮೈಯೇ ಬ್ಯಾಟರಿಯ ನೆಗೆಟಿವ್‌ಗೆ ಸೇರಿರುವುದರಿಂದ ಅದೇ ಅರ್ತ್ ಆಗುತ್ತದೆಂದು ನಂಬಿದ್ದೆ. ಐದು ತಿಂಗಳು ಎಲ್ಲವೂ ನೆಟ್ಟಗಿತ್ತು. ಆಮೇಲೆ ಪರದೆಯ ಮೇಲೆ ತೆಳುವಾದ ಅಡ್ಡಪಟ್ಟಿಗಳು ಹರಿಯತೊಡಗಿದವು; ಎಂಜಿನ್ನಿನ ವೇಗ ಹೆಚ್ಚಿದಂತೆ ಅವುಗಳ ಓಟವೂ ಹೆಚ್ಚುತ್ತಿತ್ತು. ದೋಷ ವಿದ್ಯುತ್ ಪೂರೈಕೆಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸುಳಿವು ಬೇಕಿರಲಿಲ್ಲ. ನಾನು ಮಾತ್ರ ಕಂಪ್ಯೂಟರಿನಿಂದ ಚಿತ್ರವನ್ನು ತರುವ ವಿಜಿಎ ಕೇಬಲ್ ಬದಲಾಯಿಸಿ ಸುಮ್ಮನಾದೆ.

ಒಂದು ದಿನ ರಸ್ತೆಯ ಉಬ್ಬು ದಾಟುವಾಗ ಮಾನಿಟರ್ ಕಪ್ಪಾಗಿ ಸುಟ್ಟ ವಾಸನೆ ಬಂದಿತು. ಬಾನೆಟ್ ತೆರೆದು ನೋಡಿದರೆ ಬ್ಯಾಟರಿಯ ಒಂದು ಟರ್ಮಿನಲ್ ಕೈಯಲ್ಲೇ ಅಲ್ಲಾಡುವಷ್ಟು ಸಡಿಲವಾಗಿತ್ತು. ಸ್ಟೀರಿಯೊಗೆ ಏನೂ ಆಗಿರಲಿಲ್ಲ, ಏಕೆಂದರೆ ಅದನ್ನು ಇಂತಹ ಹೊಡೆತಗಳನ್ನು ಲೆಕ್ಕಕ್ಕೆ ಹಿಡಿದೇ ಕಾರಿಗೆಂದು ತಯಾರಿಸಿರುತ್ತಾರೆ. 10 ಆಂಪಿಯರ್ ಫ್ಯೂಸ್ ಕೂಡ ಹಾಗೇ ಇತ್ತು. 1 ಆಂಪಿಯರ್ ಕೂಡ ಎಳೆಯದ ಮಾನಿಟರನ್ನು ಅದು ಕಾಯುತ್ತದೆಂದು ನಂಬುವಂತೆಯೂ ಇರಲಿಲ್ಲ. ಪರದೆಯ ಹಿಂದಿನ ದೀಪವಾದ ಬ್ಯಾಕ್‌ಲೈಟ್ ಮಾತ್ರ ಹೋಗಿದ್ದರೆ ಟಾರ್ಚ್ ಹಿಡಿದಾಗ ಮಸುಕಾಗಿಯಾದರೂ ಚಿತ್ರ ಕಾಣಬೇಕು. ಇಲ್ಲಿ ಅದೂ ಕಾಣಲಿಲ್ಲ. ಬಿಚ್ಚಿ ನೋಡಿದಾಗ ಒಳಬರುವ ವಿದ್ಯುತ್ತಿನ ಕೆಪಾಸಿಟರ್ ಉಬ್ಬಿತ್ತು, ಅದರ ಪಕ್ಕದ ರೆಗ್ಯುಲೇಟರ್ ಚಿಪ್ ಸೀಳಿತ್ತು. ಕೆಪಾಸಿಟರಿನ ಮೇಲೆ 16 ವೋಲ್ಟ್ ಎಂದು, ಅಂದರೆ ಅದು ತಾಳಬಲ್ಲ ಗರಿಷ್ಠ ಮಿತಿಯನ್ನು, ಬರೆದಿತ್ತು. ದಿನವಿಡೀ 14 ವೋಲ್ಟ್ ಉಣ್ಣುವ ಜಾಗದಲ್ಲಿ 16ರ ಕೆಪಾಸಿಟರ್ ಕೂರಿಸಿ, ಪೆಟ್ಟಿಗೆಯ ಮೇಲೆ ಕಾರಿನ ಚಿತ್ರ ಹಾಕಿ ಮಾರಿದ ತಯಾರಕರ ಮೇಲೆ ನನಗಿರುವ ದೂರು ಇದೊಂದೇ, ಆದರೆ ಇದು ಸಣ್ಣ ದೂರಲ್ಲ. 35 ವೋಲ್ಟಿನ ಕೆಪಾಸಿಟರನ್ನೂ ಹೊಸ ರೆಗ್ಯುಲೇಟರನ್ನೂ ಬೆಸುಗೆ ಹಾಕಿ, ಟರ್ಮಿನಲ್ ಬಿಗಿದ ಮೇಲೆ ಚಿತ್ರ ಮರಳಿತು.

ಅಡ್ಡಪಟ್ಟಿಗಳು ಮಾತ್ರ ಹೋಗಲಿಲ್ಲ. ಕೆಲವು ವಾರಗಳಲ್ಲಿ ಟಚ್ ಆಗಾಗ ಸ್ತಬ್ಧವಾಗತೊಡಗಿ, ಯುಎಸ್‌ಬಿ ಸಾಧನವನ್ನು ಗುರುತಿಸಲಾಗುತ್ತಿಲ್ಲವೆಂದು ಕಂಪ್ಯೂಟರ್ ಹೇಳತೊಡಗಿತು. ಮಾನಿಟರಿನ ಪ್ಲಗ್ ಕಿತ್ತು ತಂತಿಯ ತುದಿಯಲ್ಲಿ ಮಲ್ಟಿಮೀಟರ್ ಹಿಡಿದರೆ 14.1 ವೋಲ್ಟ್ ಸರಿಯಾಗಿ ಬರುತ್ತಿತ್ತು. ಇದು ಅನೇಕರನ್ನು ದಾರಿ ತಪ್ಪಿಸುವ ಅಳತೆ: ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಎಂತಹ ಕೆಟ್ಟ ಜೋಡಣೆಯೂ ಅದರ ಮುಂದೆ ಸಾಚಾ ಆಗಿ ಕಾಣುತ್ತದೆ. ಮಾನಿಟರ್ ಉರಿಯುತ್ತಿರುವಾಗಲೇ ಅಳೆಯಬೇಕು. ಹಾಗೆ ಬ್ಯಾಟರಿಯ ನೆಗೆಟಿವ್ ಮತ್ತು ಮಾನಿಟರಿನ ನೆಗೆಟಿವ್ ನಡುವೆ ಅಳೆದಾಗ (ಜೋಡಣೆ ಸರಿಯಿದ್ದರೆ ಇಲ್ಲಿ ಸೊನ್ನೆಯ ಹತ್ತಿರ ಬರಬೇಕು) 0.2 ವೋಲ್ಟ್ ಬಂದಿತು. ವಿಜಿಎ ಮತ್ತು ಯುಎಸ್‌ಬಿ ಕೇಬಲ್‌ಗಳನ್ನು ಕಿತ್ತೊಡನೆ ಅದು 2.6ಕ್ಕೆ ಜಿಗಿಯಿತು. ಅನುಮಾನದಿಂದ ಕೇಬಲ್‌ಗಳನ್ನು ಮತ್ತೆ ಸಿಕ್ಕಿಸಿ, ಮಾನಿಟರಿನ ನೆಗೆಟಿವ್ ತಂತಿಯನ್ನೇ ಸ್ಕ್ರೂವಿನಿಂದ ಪೂರ್ತಿಯಾಗಿ ಬಿಡಿಸಿದೆ. ಪರದೆ ಆರಲಿಲ್ಲ, ಬೆಳಗುತ್ತಲೇ ಇತ್ತು.

ಅಂದರೆ ನಾನು ಅರ್ತ್ ಎಂದು ನಂಬಿದ್ದ ಸ್ಕ್ರೂ ಇಷ್ಟು ದಿನ ಹೆಸರಿಗಷ್ಟೇ ಅರ್ತ್ ಆಗಿತ್ತು. ಅದರ ಅಡಿಯಲ್ಲಿ ಬಣ್ಣದ ಪದರವಿತ್ತು; ಮಾನಿಟರ್ ಎಳೆದ ಕರೆಂಟಿನ ಬಹುಪಾಲು ಸಿಗ್ನಲ್ ಕೇಬಲ್‌ಗಳ ಸಣ್ಣ ಗ್ರೌಂಡ್ ಎಳೆಗಳ ಮೂಲಕ ಕಂಪ್ಯೂಟರಿನೊಳಗೆ ಹೊಕ್ಕು, ಅಲ್ಲಿಂದ ಬ್ಯಾಟರಿಗೆ ಮರಳುತ್ತಿತ್ತು. ಅಡ್ಡಪಟ್ಟಿಗಳಿಗೂ ಕೊನೆಗೆ ಪೂರ್ತಿ ಕೆಟ್ಟುಹೋದ ಟಚ್ ಕಂಟ್ರೋಲರಿಗೂ ಇದೇ ಕಾರಣವೆಂದು ನನ್ನ ತೀರ್ಮಾನ. ಕಂಪ್ಯೂಟರಿನ ವಿಜಿಎ ಭಾಗ ಉಳಿದುಕೊಂಡದ್ದು ಅದೃಷ್ಟ.

ಆನಂತರ ಹಳೆಯ ವೈರಿಂಗ್ ಪೂರ್ತಿ ತೆಗೆದುಹಾಕಿದೆ. ಪಾಸಿಟಿವ್ ತಂತಿ ಈಗ ನೇರವಾಗಿ ಬ್ಯಾಟರಿಯಿಂದ ಹೊರಡುತ್ತದೆ. ಬ್ಯಾಟರಿಯ ಪಕ್ಕದಲ್ಲೇ 2 ಆಂಪಿಯರ್ ಫ್ಯೂಸ್ ಇದೆ, ಎಸಿಸಿ ತಂತಿಗೆ ರಿಲೇಯನ್ನು, ಅಂದರೆ ಆ ಪಾಸಿಟಿವ್ ತಂತಿಯನ್ನು ಜೋಡಿಸಿ ಬಿಡಿಸುವ ವಿದ್ಯುತ್ ಸ್ವಿಚ್ಚನ್ನು, ಚಾಲೂ ಮಾಡುವ ಕೆಲಸ ಮಾತ್ರ ಉಳಿದಿದೆ. ಫ್ಯೂಸಿನ ನಂತರ ಹೊಡೆತಗಳನ್ನು ತಡೆಯಲು ಒಂದು ಟಿವಿಎಸ್ ಡಯೋಡ್, ಅದರ ಮುಂದೆ 9ರಿಂದ 36 ವೋಲ್ಟ್‌ವರೆಗೆ ಏನು ಬಂದರೂ ಸ್ಥಿರವಾದ 12 ವೋಲ್ಟ್ ಕೊಡುವ ಡಿಸಿ ಕನ್ವರ್ಟರ್. ಮಾನಿಟರಿನ ಮತ್ತು ಕಂಪ್ಯೂಟರಿನ ನೆಗೆಟಿವ್‌ಗಳೆರಡೂ ಒಂದೇ ಬೋಲ್ಟಿಗೆ ಸೇರುತ್ತವೆ. ಅಲ್ಲಿನ ಬಣ್ಣವನ್ನು ಲೋಹ ಹೊಳೆಯುವ ತನಕ ಉಜ್ಜಿ ತೆಗೆದಿದ್ದೇನೆ. ಕೇಬಲ್‌ಗಳಿಲ್ಲದೆ ಅದೇ ಅಳತೆ ಮಾಡಿದಾಗ ಈಗ 0.03 ವೋಲ್ಟ್ ಬರುತ್ತದೆ. ಟಚ್ ಕಂಟ್ರೋಲರ್ ಬದಲಾಯಿಸಿದ್ದೇನೆ. ಪಟ್ಟಿಗಳು ಮತ್ತೆ ಕಾಣಿಸಿಲ್ಲ. ಹೀಗೆ ಎರಡೂವರೆ ವರ್ಷ ಕಳೆದಿದೆ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಒಂದನ್ನು ಕಳೆದದ್ದು ಆ 16 ವೋಲ್ಟಿನ ಕೆಪಾಸಿಟರಿಗೆ, ಇನ್ನೊಂದನ್ನು ಬಿಸಿಲಿನಲ್ಲಿ ಕಾಣದ ಪರದೆಗೆ. ಕನ್ವರ್ಟರಿನ ಕೆಳಮಿತಿ 9 ವೋಲ್ಟ್ ಆದ್ದರಿಂದ ಎಂಜಿನ್ ಸ್ಟಾರ್ಟ್ ಮಾಡುವಾಗ ಪರದೆ ಈಗಲೂ ಒಮ್ಮೆ ಆರಿ ಹೊತ್ತಿಕೊಳ್ಳುತ್ತದೆ. 6 ವೋಲ್ಟ್‌ನಿಂದಲೇ ಕೆಲಸ ಮಾಡುವ ಕನ್ವರ್ಟರ್‌ಗಳೂ ಇವೆ, ಆದರೆ ಆ ಒಂದು ಕ್ಷಣಕ್ಕಾಗಿ ಡ್ಯಾಶ್‌ಬೋರ್ಡನ್ನು ಮತ್ತೆ ಬಿಚ್ಚುವ ಗೋಜಿಗೆ ನಾನು ಹೋಗಿಲ್ಲ.