ಸಾಲಿಡ್‌ವರ್ಕ್ಸ್ ಪಿಡಿಎಂ: ಕಾಮೆಂಟ್ ಕಡ್ಡಾಯ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಫಿಕ್ಸ್ಚರ್ (ಕೆಲಸದ ವೇಳೆ ಭಾಗಗಳನ್ನು ಹಿಡಿದಿಡುವ ಸಾಧನ) ತಯಾರಿಸುವ ಕಂಪನಿ ನಮ್ಮದು. ಡಿಸೈನ್ ವಿಭಾಗದಲ್ಲಿ ಅರ್ಧ ಜನ ಬೆಳಗಾವಿ, ವಿಜಯಪುರ ಕಡೆಯವರೇ. ಕೆಲವು ವರ್ಷಗಳಿಂದ ಸಾಲಿಡ್‌ವರ್ಕ್ಸ್ ಪಿಡಿಎಂ ಪ್ರೊಫೆಷನಲ್ ಬಳಸುತ್ತಿದ್ದೇವೆ; ಡಿಸೈನ್ ಫೈಲುಗಳನ್ನೂ ಅವುಗಳ ಹಳೆಯ ವರ್ಷನ್‌ಗಳನ್ನೂ ಒಂದೇ ಕಡೆ ಇಟ್ಟು ನೋಡಿಕೊಳ್ಳುವ ಸಾಫ್ಟ್‌ವೇರ್ ಇದು. ಚೆಕ್ ಔಟ್ (ತಿದ್ದಲು ಫೈಲ್ ತೆಗೆದುಕೊಳ್ಳುವುದು), ಚೆಕ್ ಇನ್ (ತಿದ್ದಿ ವಾಪಸ್ ಇಡುವುದು), ಅಪ್ರೂವಲ್ ಎಲ್ಲ ಚೆನ್ನಾಗಿ ನಡೆಯುತ್ತೆ. 5ಕ್ಕೆ 4 ಕೊಡ್ತೀನಿ. ಇಲ್ಲಿ ಹೇಳಬೇಕಿರುವುದು ಕಾಮೆಂಟ್ ಕಡ್ಡಾಯ ಮಾಡುವ ಸೌಲಭ್ಯದ ಬಗ್ಗೆ ಮಾತ್ರ.

ಚೆಕ್ ಇನ್ ಮಾಡುವಾಗಲೂ, ಫೈಲಿನ ಸ್ಟೇಟ್ (ರಿವ್ಯೂ, ರಿಲೀಸ್ ಥರದ ಹಂತ) ಬದಲಿಸುವಾಗಲೂ ಕಾಮೆಂಟ್ ಕಡ್ಡಾಯ ಮಾಡಬಹುದು. ನಮ್ಮವರು ಉತ್ಸಾಹದಲ್ಲಿ ಎರಡೂ ಕಡೆ ಹಾಕಿಬಿಟ್ಟರು. ಆಮೇಲೆ ಫೈಲಿನ ಹಿಸ್ಟರಿ ತೆರೆದರೆ ಕಾಮೆಂಟಿನ ಜಾಗದಲ್ಲಿ ಬರೀ ಚುಕ್ಕಿ. ಇಲ್ಲವೇ 'ಓಕೆ', 'ಅಪ್‌ಡೇಟೆಡ್', 'ಝಾಲಾ' (ಮರಾಠಿಯಲ್ಲಿ 'ಆಯಿತು'). ತಪ್ಪು ಜನರದಲ್ಲ. ಸಂಜೆ ಬಸ್ಸಿಗೆ ಓಡುವವನು ಅರ್ಧ ಮುಗಿದ ಮಾಡೆಲ್ ಚೆಕ್ ಇನ್ ಮಾಡ್ತಾನೆ, ವರ್ಷನ್ ಸಂಖ್ಯೆ ಒಂದು ಏರುತ್ತೆ. ಅದಕ್ಕೆ ಏನಂತ ಬರೆಯಬೇಕು? ಹಲವು ಪಾರ್ಟ್ ಸೇರಿದ ಅಸೆಂಬ್ಲಿ ಆದರೆ ಒಳಗೆ ಬದಲಾದ ಎಲ್ಲ ಪಾರ್ಟ್‌ಗಳಿಗೂ ಅದೇ ಒಂದು ಸಾಲು. ಕಾಮೆಂಟ್ ಡಬ್ಬಿ ಖಾಲಿ ಇದೆಯಾ ಇಲ್ಲವಾ ಅಂತ ಸಾಫ್ಟ್‌ವೇರ್ ನೋಡಬಹುದು, ಬರೆದಿದ್ದರಲ್ಲಿ ಹುರುಳಿದೆಯಾ ಅಂತ ಹೇಗೆ ನೋಡೀತು?

ಕೊನೆಗೆ ಚೆಕ್ ಇನ್ ಕಡೆ ತೆಗೆಸಿ, ಸ್ಟೇಟ್ ಬದಲಾವಣೆಗೆ ಮಾತ್ರ ಉಳಿಸಿಕೊಂಡೆವು. ಅಲ್ಲಿಂದ ನಿಜವಾದ ಲಾಭ ಶುರುವಾಯಿತು. ರಿಲೀಸ್ ಆದ, ಅಂದರೆ ತಯಾರಿಕೆಗೆ ಬಿಟ್ಟ ಡ್ರಾಯಿಂಗ್ ವಾಪಸ್ ತೆಗೆಯುವವನ ಹತ್ತಿರ ಹೇಳೋಕೆ ಒಂದು ಕಾರಣ ಇದ್ದೇ ಇರುತ್ತೆ. ಒಂದು ಬ್ರಾಕೆಟ್ಟಿನ ಹಿಸ್ಟರಿಯಲ್ಲಿ ಹೀಗಿದೆ: 'ಎಂ8 ಬೋಲ್ಟಿನ ತೂತು 8.4ರಿಂದ 9ಕ್ಕೆ. ಪೌಡರ್ ಕೋಟಿಂಗ್ ಆದ ಮೇಲೆ ಬೋಲ್ಟ್ ಹೋಗುತ್ತಿಲ್ಲ ಅಂತ ಅಸೆಂಬ್ಲಿಯವರ ದೂರು.' ಎಂ8 ಅಂದರೆ 8 ಮಿ.ಮೀ. ಬೋಲ್ಟ್; ಬೋಲ್ಟ್ ತೂತಿನ ಅಳತೆ ಹೇಳುವ ಐಎಸ್ಒ 273 ಮಾನದಂಡದಲ್ಲಿ ಅದಕ್ಕೆ 8.4 ಮಿ.ಮೀ. ಅಂದರೆ ಬಿಗಿ ಸಾಲು, 9 ಅಂದರೆ ಮಧ್ಯಮ. ಎರಡೂ ಸರಿಯಾದ ಅಳತೆಗಳೇ. ಕಾರಣ ಬರೆಯದಿದ್ದರೆ ಮುಂದೆ ಯಾರಾದರೂ ಜಾಣರು 'ಇದ್ಯಾಕ್ರೀ ಇಷ್ಟು ಸಡಿಲ?' ಅಂತ ಮತ್ತೆ 8.4 ಮಾಡಿಡುತ್ತಿದ್ದರು.

ರಿಜೆಕ್ಟ್ ಮಾಡುವಾಗಂತೂ ಇದು ಇರಲೇಬೇಕು. ಮುಂಚೆ ಡ್ರಾಯಿಂಗ್ ಪರಿಶೀಲಿಸುವ ಚೆಕ್ಕರ್ ಫೋನಿನಲ್ಲಿ ಹೇಳಿ ಮುಗಿಸುತ್ತಿದ್ದರು. ಈಗ 'ಶೀಟ್ 2, ಡೋವೆಲ್ ತೂತಿಗೆ ಟಾಲರೆನ್ಸ್ ಇಲ್ಲ' (ಪಿನ್ನಿನ ತೂತಿನ ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅಂತ ಹೇಳಿಲ್ಲ) ಅಂತ ಬರೆದೇ ವಾಪಸ್ ಕಳಿಸಬೇಕು. ಸೀನಿಯರ್‌ಗಳು ಮೊದಮೊದಲು ಗೊಣಗಿದ್ದು ನಿಜ.

ಆಡಿಟ್ ವಿಷಯಕ್ಕೆ ಬಂದರೆ, ಗುಣಮಟ್ಟ ವ್ಯವಸ್ಥೆಯ ಮಾನದಂಡ ಐಎಸ್ಒ 9001:2015ರ 8.3.6ನೇ ಅಂಶ ಡಿಸೈನ್ ಬದಲಾವಣೆಯ ದಾಖಲೆ ಕೇಳುತ್ತೆ: ಏನು ಬದಲಾಯಿತು, ರಿವ್ಯೂನಲ್ಲಿ ಏನು ಬಂತು, ಯಾರು ಒಪ್ಪಿಗೆ ಕೊಟ್ಟರು, ತೊಂದರೆ ಆಗದಂತೆ ಏನು ಮಾಡಿದಿರಿ. ಹಿಸ್ಟರಿಯಲ್ಲಿ ಹೆಸರು, ತಾರೀಕು, ಕಾಮೆಂಟ್ ಒಟ್ಟಿಗೆ ಸಿಗೋದರಿಂದ ಮೊದಲಿನ ಹುಡುಕಾಟ ಕಡಿಮೆಯಾಗಿದೆ. ಹಾಗಂತ ಇದನ್ನೇ ಇಸಿಎನ್ (ಡಿಸೈನ್ ಬದಲಾವಣೆ ತಿಳಿಸುವ ಅಧಿಕೃತ ಫಾರ್ಮ್) ಅಂದುಕೊಳ್ಳಬೇಡಿ. ಆ ಫಾರ್ಮ್ ಬೇರೆಯೇ ಬೇಕು. ನಾವು ಕಾಮೆಂಟಿನಲ್ಲಿ ಇಸಿಎನ್ ನಂಬರ್ ಬರೆದು ಎರಡನ್ನೂ ಜೋಡಿಸಿಕೊಳ್ತೀವಿ.

ಹೊಸದಾಗಿ ಹಾಕಿಸುವವರು ಮೊದಲ ದಿನವೇ ಎಲ್ಲ ಕಡೆ ಕಡ್ಡಾಯ ಮಾಡಿಸಬೇಡಿ. ರಿಜೆಕ್ಟ್ ಮತ್ತು ರಿಲೀಸ್ ನಂತರದ ಬದಲಾವಣೆ, ಈ ಎರಡಕ್ಕೆ ಹಾಕಿ ನೋಡಿ.