ಮೊಯಿನಾಕ್ಕೆ ಯೀಸ್ಟ್, ಸಗಣಿ, ಹಸಿರು ನೀರು: ಮೂರು ಡ್ರಮ್ಮಿನ ಹೋಲಿಕೆ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ತೋಟದ ಕೆರೆಗೆ ಪ್ರತಿವರ್ಷ ಕಾಟ್ಲಾ ಮೀನಿನ ಮರಿ ಬಿಡುತ್ತೇವೆ. ಬಿಡುವ ಮೊದಲು ಒಂದಿಷ್ಟು ದಿನ ತೊಟ್ಟಿಯಲ್ಲಿಟ್ಟು ಮೊಯಿನಾ ತಿನ್ನಿಸುವುದು ರೂಢಿ. ಮೊಯಿನಾ ಅಂದರೆ ನೀರುಚಿಗಟ. ಬೆಳೆದ ಹೆಣ್ಣು ಒಂದು ಮಿಲಿಮೀಟರಿನ ಆಸುಪಾಸು. ಈ ಪುಟ್ಟ ಜೀವಕ್ಕೆ ಯಾವ ಮೇವು ಒಳ್ಳೆಯದೆಂದು ಕಣ್ಣಾರೆ ನೋಡಬೇಕಿತ್ತು. ಫೆಬ್ರವರಿ ಕೊನೆಗೆ ಕಾಫಿ ಒಣಗಿ ಕಣ ಖಾಲಿಯಾದಾಗ 100 ಲೀಟರಿನ ಮೂರು ನೀಲಿ ಡ್ರಮ್ಮು ಸಾಲಾಗಿ ಇಟ್ಟೆ. ನೀರು ಒಂದೇ, ಬಿಸಿಲು ಒಂದೇ, ಬಿಟ್ಟ ಮೊಯಿನಾವೂ ಒಂದೇ ತೊಟ್ಟಿಯದು.

ಮೊದಲ ಡ್ರಮ್ಮಿಗೆ ಬೇಕರಿ ಯೀಸ್ಟ್, ಸುಮಾರು 3 ಗ್ರಾಂ ಕದಡಿ ಹಾಕಿದ್ದು. ವಾರ ತುಂಬುವ ಮೊದಲೇ ನೀರಲ್ಲಿ ಮೋಡದ ಹಾಗೆ ಮೊಯಿನಾ! ಸಂಖ್ಯೆಯೊಂದನ್ನೇ ನೋಡುವವರು ಇಲ್ಲಿಗೇ ನಿಂತುಬಿಡುತ್ತಾರೆ. ಭೂತಗನ್ನಡಿ ಹಿಡಿದರೆ ಕಥೆ ಬೇರೆ. ಮೈ ಪಾರದರ್ಶಕವಾದ್ದರಿಂದ ಕರುಳಲ್ಲಿ ಬಿಳಿ ಯೀಸ್ಟ್ ಕಾಣುತ್ತದೆ, ಬೆನ್ನಿನ ಚೀಲದಲ್ಲಿರುವ ಮೊಟ್ಟೆಯನ್ನೂ ಎಣಿಸಬಹುದು. ಇಲ್ಲಿಯ ಹೆಣ್ಣುಗಳು ಸಣ್ಣವು, ಮೊಟ್ಟೆಯೂ ಕಡಿಮೆ. ಯೀಸ್ಟಿನಲ್ಲಿ ಪ್ರೋಟೀನಿದೆ, ಒಮೆಗಾ-3 ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಆ ಕೊರತೆ ಮೊಯಿನಾ ತಿಂದ ಮೀನುಮರಿಗೂ ದಾಟುತ್ತದೆ. ಒಂದು ಸಂಜೆ ಕೈ ತಪ್ಪಿ ಯೀಸ್ಟ್ ಹೆಚ್ಚಾಯಿತು. ರಾತ್ರಿ ಕಳೆಯುವಷ್ಟರಲ್ಲಿ ನೀರು ನಾರಿ, ಮುಕ್ಕಾಲು ಪಾಲು ತಳ ಸೇರಿತ್ತು. ಉಳಿದವು ಒಂದೆರಡು ದಿನದಲ್ಲಿ ಕೆಂಪಗಾದವು. ಆಮ್ಲಜನಕ ಕಡಿಮೆಯಾದಾಗ ಅವು ಹಿಮೋಗ್ಲೋಬಿನ್ ಹೆಚ್ಚಿಸಿಕೊಳ್ಳುವುದರ ಗುರುತು ಅದು.

ಸಗಣಿ ಮತ್ತು ಕಡಲೆಕಾಯಿ ಹಿಂಡಿ ಕೊಳೆಸಿ ಹಾಕಿದ ಡ್ರಮ್ಮು ನಿಧಾನ. ಬ್ಯಾಕ್ಟೀರಿಯಾ ಹೆಚ್ಚಿದ ಮೇಲಷ್ಟೇ ಮೊಯಿನಾಕ್ಕೆ ಊಟ. ಖರ್ಚಿಲ್ಲ, ವಾಸನೆ ಉಂಟು.

ನನ್ನ ಮನಸ್ಸು ಗೆದ್ದದ್ದು ಹಸಿರು ನೀರು. ಮೀನುತೊಟ್ಟಿಯ ಹಳೆ ನೀರನ್ನು ಬಿಸಿಲಿಗಿಟ್ಟು ಪಾಚಿ ಬೆಳೆಸಿದ್ದೆ. ಐದನೇ ದಿನಕ್ಕೇ ತುಂಬಿದ ಚೀಲದ ಹೆಣ್ಣುಗಳು, ಹಸಿರು ತುಂಬಿದ ಕರುಳು. ನೀರುಚಿಗಟ ಬೆಳೆಯುವುದು ಪೊರೆ ಕಳಚಿ ಕಳಚಿ. ಒಂದು ಗಾತ್ರ ಮುಟ್ಟಿದ ಮೇಲೆಯೇ ಮೊಟ್ಟೆ, ಆಮೇಲೆ ಪೊರೆ ಕಳಚುವ ಪ್ರತಿ ಸಲವೂ ಒಂದು ಸೂಲು. ಮೇವು ಚೆನ್ನಾಗಿದ್ದರೆ ಆ ಗಾತ್ರ ಬೇಗ ಮುಟ್ಟುತ್ತವೆ. ಅದನ್ನು ಕಣ್ಣೆದುರೇ ಕಂಡೆ.

ಆದರೆ ಹಸಿರೆಲ್ಲ ಒಂದೇ ಅಲ್ಲ. ಏಪ್ರಿಲಿನಲ್ಲಿ ತೊಟ್ಟಿಯ ಪಾಚಿ ಮುಗಿದಾಗ ಕೆರೆಯ ಹಸಿರನ್ನೇ ಮೊಗೆದು ತಂದೆ. ಹತ್ತು ದಿನದಲ್ಲಿ ಡ್ರಮ್ಮು ಹೆಚ್ಚುಕಡಿಮೆ ಖಾಲಿ. ಅದು ನೀಲಿಹಸಿರು ಪಾಚಿ, ಮೈಕ್ರೊಸಿಸ್ಟಿಸ್. ಅದರ ಮುದ್ದೆಗಳು ಸೋಸುವ ಕಾಲುಗಳಿಗೆ ಸಿಕ್ಕಿಕೊಳ್ಳುತ್ತವೆ, ಕೆಲವು ತಳಿಗಳಲ್ಲಿ ವಿಷವೂ ಇರುತ್ತದೆ. ಪೊರೆ ಕಳಚುವ ಹಾರ್ಮೋನಿಗೆ ಬೇಕಾದ ಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಕೂಡ ಅದರಿಂದ ಸಿಗುವುದಿಲ್ಲ. ನೀರುಚಿಗಟ ಅದನ್ನು ತಾನೇ ತಯಾರಿಸಲಾರದು. ಗುರುತಿಸುವುದು ಸುಲಭ: ಲೋಟದಲ್ಲಿ ಅರ್ಧ ದಿನ ಇಟ್ಟರೆ ಬಣ್ಣದ ಕೆನೆಯ ಹಾಗೆ ಮೇಲೆ ಕಟ್ಟುತ್ತದೆ. ಒಳ್ಳೆಯ ಹಸಿರು ನೀರು ಹಾಗೆ ಕೆನೆಗಟ್ಟುವುದಿಲ್ಲ.

ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳಲ್ಲಿ, ಅದೇ ಪ್ರಯೋಗ ಮತ್ತೆ ಮಾಡಿದೆ, ತಗಡಿನ ಮಾಡಿನ ಕೆಳಗೆ. ಬಿಸಿಲೇ ಇಲ್ಲದೆ ಪಾಚಿ ತೆಳುವಾಯಿತು, ಹೊಟ್ಟೆಗಿಲ್ಲದ ಹೆಣ್ಣುಗಳ ಬೆನ್ನಲ್ಲಿ ಕುದುರೆಯ ಜೀನಿನಂಥ ಕಪ್ಪು ಚಿಪ್ಪು ಕಾಣಿಸಿತು. ಕೆಟ್ಟ ಕಾಲ ದಾಟಿಸುವ ಸುಪ್ತ ಮೊಟ್ಟೆ ಅದರೊಳಗಿರುತ್ತದೆ. ಯೀಸ್ಟ್ ಡ್ರಮ್ಮು ಚಳಿಗೆ ನಿಧಾನವಾದರೂ ನಡೆದೇ ಇತ್ತು.

ಹಾಗಾಗಿ ಈಗ ಬೇಸಿಗೆಯಲ್ಲಿ ಪೂರ್ತಿ ಹಸಿರು ನೀರು. ಮಳೆಗಾಲದಲ್ಲಿ ಯೀಸ್ಟ್ ಅರ್ಧ ಅಳತೆಗೆ ಇಳಿಸಿ, ಇದ್ದಷ್ಟು ಹಸಿರು ನೀರು ಬೆರೆಸುತ್ತೇನೆ. ಹಿಂದಿನ ದಿನದ್ದು ತಿಂದು ನೀರು ತಿಳಿಯಾಗದೆ ಮತ್ತೆ ಹಾಕುವುದಿಲ್ಲ. ಸಗಣಿ ಡ್ರಮ್ಮನ್ನು ತೆಗೆದುಬಿಟ್ಟೆ.